ಹರಿಯಬೇಕಾದ ದಾರ

ಗಾಳದ ದಾರ ತರಲು ನನ್ನ ಗಂಡನನ್ನು ಕಳಿಸಲೇಬಾರದಿತ್ತು. ಅವರು ಲಿಫ್ಟ್ ರಿಪೇರಿ ಮಾಡುವವರು. ಹತ್ತು ಜನ ನಿಲ್ಲುವ ಲಿಫ್ಟಿಗೆ ನೂರು ಜನರನ್ನು ಎತ್ತುವಷ್ಟು ಗಟ್ಟಿ ಹಗ್ಗ ಹಾಕಿ, ಆಮೇಲೂ ಅದರ ಒಂದೊಂದು ಎಳೆಯನ್ನು ಟಾರ್ಚ್ ಹಿಡಿದು ನೋಡುವ ಕೆಲಸ. ಹಗ್ಗ ಹರಿಯಿತು ಎಂಬ ಮಾತನ್ನು ಅವರ ಮುಂದೆ ಆಡುವ ಹಾಗಿಲ್ಲ, ಊಟಕ್ಕೆ ಕೂತವರು ಎದ್ದೇಬಿಡುತ್ತಾರೆ. ಅಂಥವರು ತಮ್ಮ ಅಮ್ಮನ ಗಾಳಕ್ಕೆಂದು ತಂದದ್ದು ಮೂವತ್ತು ಕಿಲೋ ತಡೆಯುವ ಹೆಣೆದ ದಾರ.

"ಅಂಗಡೀಲಿ ಇದ್ದಿದ್ರಲ್ಲಿ ಇದೇ ಗಟ್ಟಿ," ಎಂದು ಉಂಡೆಯನ್ನು ಮೇಜಿನ ಮೇಲಿಟ್ಟರು. "ಇನ್ನು ಹರಿಯೋ ಮಾತೇ ಇಲ್ಲ."

ಅತ್ತೆ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಉಂಡೆಯನ್ನು ಹಿಂದೆ ಮುಂದೆ ತಿರುಗಿಸಿದರು. "ನಾನು ಮೀನು ಹಿಡಿಯೋಕೆ ಹೋಗ್ತಿದ್ದೀನೋ, ಮುಳುಗಿರೋ ಹಡಗು ಎತ್ತೋಕೋ?" ಎಂದರು. ಆದರೂ ವಾಪಸ್ಸು ಕೊಡಲಿಲ್ಲ. ಕೊಡುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಅತ್ತೆ ಶಾಲೆಯ ಬಸ್ಸು ಓಡಿಸುತ್ತಿದ್ದವರು. ಹಿಂದೆ ಮಕ್ಕಳು ಕಿರುಚಾಡಿ ಒಬ್ಬರ ಜುಟ್ಟು ಒಬ್ಬರು ಹಿಡಿದು ಎಳೆದಾಡುತ್ತಿದ್ದರೂ ಮುಖದ ಒಂದು ಗೆರೆ ಅಲ್ಲಾಡಿಸದೆ ರಸ್ತೆ ನೋಡಿದವರು. ನಿವೃತ್ತರಾದ ಮೇಲೆ ಬಂದರಿನ ಕಲ್ಲುಕಟ್ಟೆಯ ಮೇಲೆ ಒಬ್ಬರೇ ನಿಂತು ಗಾಳ ಹಾಕುವುದನ್ನು ಹಚ್ಚಿಕೊಂಡರು. ಜೊತೆಗೆ ಯಾರೂ ಹೋಗುವಂತಿಲ್ಲ. ಅಷ್ಟು ವರ್ಷ ಗಲಾಟೆ ಕೇಳಿದ ಕಿವಿಗೆ ನೀರಿನ ಸದ್ದು ಒಂದೇ ಸಾಕು ಎನ್ನುತ್ತಿದ್ದರು. ಹೀಗಿರುವಾಗ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡರು.

ಕಟ್ಟು ಬಿಚ್ಚುವವರೆಗೆ ಅತ್ತೆ ಮನೆಯಲ್ಲೇ ಇದ್ದರು. ಅದನ್ನು ಅನುಭವಿಸಿದವಳು ನಾನು. ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಅಲ್ಲಿಗೆ ಬಂದು ನಾನು ಹೊಲಿದ ರವಿಕೆಗಳ ಒಳಗನ್ನು ಹೊರಗೆ ಮಾಡಿ ನೋಡುವರು, ಗುಂಡಿಗಳನ್ನು ಬಣ್ಣವಾರು ಜೋಡಿಸುವರು, ಗಿರಾಕಿಗಳಿಗೆ "ಈ ಬಣ್ಣ ನಿಮಗೆ ಒಪ್ಪಲ್ಲ" ಎಂದು ಬುದ್ಧಿ ಹೇಳುವರು. ನನಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಆದರೆ ಒಂದು ಮಧ್ಯಾಹ್ನ ಅವರ ಕೋಣೆಗೆ ಹೋದಾಗ ಗಾಳದ ಕೋಲನ್ನು ತೊಡೆಯ ಮೇಲಿಟ್ಟುಕೊಂಡು, ಆಗಲೇ ಫಳಫಳ ಹೊಳೆಯುತ್ತಿದ್ದ ರೀಲನ್ನು ಎಡಗೈಯಲ್ಲಿ ಮತ್ತೆ ಮತ್ತೆ ಒರೆಸುತ್ತ ಕೂತಿದ್ದರು. ಈ ಮುದುಕಿಯನ್ನು ನಾನು ಇಷ್ಟೊಂದು ಹಚ್ಚಿಕೊಂಡಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಸಿಟ್ಟೂ ಬಂತು. ಕಟ್ಟು ಬಿಚ್ಚಿದ ಮೇಲೆ ಅಮ್ಮನನ್ನು ಮತ್ತೆ ಗಾಳಕ್ಕೆ ಬಿಡಿ ಎಂದು ಆ ಸಂಜೆಯೇ ಗಂಡನ ಬೆನ್ನು ಹತ್ತಿದೆ.

ಅವರು ಒಪ್ಪಿದರು, ಆದರೆ ಕಟ್ಟುಪಾಡಿನ ಮೇಲೆ. "ಹೋಗಮ್ಮ, ಬೇಡ ಅನ್ನಲ್ಲ. ದಾರ ಮಾತ್ರ ನಾನೇ ತರೋದು. ಮೊದಲನೇ ದಿನ ನಾವೂ ಬರ್ತೀವಿ. ಜಾರಿದೆ ಅಂದ್ರೂ ಸರಿ, ಕೈ ನೋಯ್ತು ಅಂದ್ರೂ ಸರಿ, ಕೋಲು ಯಾರಿಗಾದ್ರೂ ಕೊಟ್ಟುಬಿಡ್ತೀನಿ. ಆಮೇಲೆ ಅಳಬಾರದು."

"ನಾನ್ಯಾಕೋ ಅಳಲಿ?" ಎಂದರು ಅತ್ತೆ. ಹಾಗೆ ಬಂದದ್ದು ಈ ಮೂವತ್ತು ಕಿಲೋ ದಾರ.

ನನ್ನ ಕಣ್ಣು ಬಿದ್ದದ್ದು ಅದು ಎಷ್ಟು ತೆಳ್ಳಗಿದೆ ಎಂಬುದರ ಮೇಲೆ. ಗುಂಡಿ ಹೊಲಿಯುವ ದಾರಕ್ಕಿಂತ ದಪ್ಪವಿಲ್ಲ, ಮೂವತ್ತು ಕಿಲೋ ಹೇಗೆ ತಡೆದೀತು? ಮರುದಿನ ಅಂಗಡಿಯಲ್ಲಿ ಒಂದು ಮಾರು ಕತ್ತರಿಸಲು ಹೋದರೆ ಕತ್ತರಿ ಜಾರಿತು. ಅಭ್ಯಾಸಬಲದಿಂದ ಹಲ್ಲಿಗೆ ಕೊಟ್ಟೆ, ಹಲ್ಲೇ ಜುಮ್ಮೆಂದಿತು. ಕೊನೆಗೆ ಹೊಸ ಕತ್ತರಿ ತೆಗೆದು ಕತ್ತರಿಸಿ, ಸೂಜಿಗೆ ದಾರ ಪೋಣಿಸುವಾಗ ಹಿಡಿಯುವ ಭೂತಗನ್ನಡಿಯ ಕೆಳಗಿಟ್ಟು ನೋಡಿದೆ. ಹುರಿ ಮಾಡಿದ್ದಲ್ಲ, ಜಡೆ. ನಾಲ್ಕು ಎಳೆಗಳು ಒಂದರ ಮೇಲೊಂದು ಹಾದು, ಎಲ್ಲೂ ಸಡಿಲ ಬಿಡದೆ ಹೆಣೆದುಕೊಂಡಿದ್ದವು. ಇಷ್ಟು ಚೊಕ್ಕ ಜಡೆಯನ್ನು ನಾನು ಯಾವ ತಲೆಯಲ್ಲೂ ನೋಡಿರಲಿಲ್ಲ. ಗಿರಾಕಿಯೊಬ್ಬಳು ಬಂದು ಲಂಗ ಆಯಿತೇ ಎಂದಳು, ನಾಳೆ ಬಾ ಎಂದು ಸಾಗಹಾಕಿದೆ.

ಇದು ಹರಿಯುವುದು ಎಲ್ಲಿ ಎಂಬುದು ನನ್ನ ತಲೆ ಕೊರೆಯತೊಡಗಿತು. ದಾರದ ಒಂದು ತುದಿಯನ್ನು ಬಟ್ಟೆ ಕತ್ತರಿಸುವ ಮೇಜಿನ ಕಾಲಿಗೆ ಕಟ್ಟಿದೆ. ಇನ್ನೊಂದನ್ನು ದಪ್ಪ ಜೀನ್ಸ್ ತುಂಡಿನ ಮೇಲೆ ಕೈಗೆ ಸುತ್ತಿ ಎಳೆದೆ. ದಾರ ಹಿಗ್ಗಲೂ ಇಲ್ಲ. ಗೋಡೆಗೆ ಕಾಲು ಕೊಟ್ಟು, ಮೈಭಾರವನ್ನೆಲ್ಲ ಹಾಕಿ ಎಳೆದೆ. ಕರ್ರೆಂದು ಸದ್ದು ಮಾಡುತ್ತ ಮೇಜೇ ನನ್ನ ಕಡೆ ಬಂತು. ಕೈ ಬಿಚ್ಚಿ ನೋಡಿದರೆ ಜೀನ್ಸ್ ಬಟ್ಟೆಯ ಮೇಲೆ ಬ್ಲೇಡು ಎಳೆದಂಥ ಗೆರೆ.

ಆ ಮೇಜನ್ನು ಅಲ್ಲಾಡಿಸಲು ಇಬ್ಬರು ಬೇಕು. ಅತ್ತೆ ಮೇಜಿಗಿಂತ ತುಂಬಾ ಹಗುರ. ದಾರ ಹರಿಯದಿದ್ದರೆ ಕಟ್ಟೆಯ ಮೇಲಿಂದ ನೀರಿನ ಕಡೆ ಜರುಗುವವರು ಯಾರು?

ಗಂಡ ಬಂದವರು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಶುರುಮಾಡಿದೆ. "ರೀ, ಈ ದಾರ ಬೇಡ. ಇದು ಹರಿಯಲ್ಲ."

"ಹರಿಯಲ್ಲ ಅಂತಾನೇ ತಂದಿದ್ದು."

"ಅದೇ ತಪ್ಪು. ನಾನು ಹೊಲಿಗೆಗೆ ಹಾಕೋ ದಾರ ಬಟ್ಟೆಗಿಂತ ಸ್ವಲ್ಪ ಮೆತ್ತಗಿರಬೇಕು. ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಹೊಲಿಗೆ ಬಿಚ್ಚಬೇಕು, ಬಟ್ಟೆ ಉಳೀಬೇಕು. ದಾರ ಗಟ್ಟಿಯಾದ್ರೆ ಬಟ್ಟೆ ಹರಿಯುತ್ತೆ."

"ಅಮ್ಮ ಏನು ಬಟ್ಟೆನಾ? ನಿನ್ನ ಟೈಲರ್ ಬುದ್ಧಿ ಎಲ್ಲಾ ಕಡೆ ತೋರಿಸಬೇಡ. ಹಗ್ಗ ಹರಿದ್ರೆ ಏನಾಗುತ್ತೆ ಅಂತ ನನಗೆ ಗೊತ್ತು."

"ನಿಮ್ಮ ಹಗ್ಗದ ತುದೀಲಿ ಇರೋದು ಜನ. ಅಮ್ಮನ ದಾರದ ತುದೀಲಿ ಇರೋದು ಮೀನು ರೀ. ನಮಗೆ ಬೇಕಾದವರು ಈ ಕಡೆ ತುದೀಲಿ ನಿಂತಿದ್ದಾರೆ!"

ಅಷ್ಟರಲ್ಲಿ ಅವರ ಒಂದು ಚಪ್ಪಲಿ ಕಾಲಲ್ಲಿತ್ತು, ಇನ್ನೊಂದು ಕೈಯಲ್ಲಿ. ಆಮೇಲೆ ಆ ಚಪ್ಪಲಿಯನ್ನೂ ಮತ್ತೆ ಹಾಕಿಕೊಂಡು, "ನಡಿ, ಅಂಗಡಿಗೆ ಹೋಗೋಣ," ಎಂದರು.

ಗಾಳದ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಗೋಡೆಯ ತುಂಬ ಕೋಲುಗಳು, ಗಾಜಿನ ಡಬ್ಬಿಗಳಲ್ಲಿ ಕೊಕ್ಕೆಗಳು, ರಬ್ಬರ್ ಹುಳುಗಳು. ಅಂಗಡಿಯಾಕೆ ಬನ್ನಿ ಎನ್ನುವ ಮೊದಲೇ "ಯಾವ ಮೀನು?" ಎಂದು ಕೇಳಿದಳು.

"ಮೀನಲ್ಲ, ನಮ್ಮತ್ತೆ," ಎಂದೆ.

ಆಕೆ ಕಣ್ಣರಳಿಸಿದಳು. ವಿಷಯ ಹೇಳಿದ ಮೇಲೆ ಸ್ಟೂಲು ಎಳೆದುಕೊಂಡು ಕೂತಳು. "ರೀಲಿಗೆ ಬ್ರೇಕ್ ಇರುತ್ತೆ. ಮೀನು ಜೋರಾಗಿ ಎಳೆದ್ರೆ ಅದು ದಾರ ಬಿಡುತ್ತಾ ಹೋಗುತ್ತೆ. ಆದ್ರೆ ದೊಡ್ಡ ಮೀನು ಕಲ್ಲಿನ ಸಂದಿ ಕಡೆ ಓಡಿದಾಗ ಯಾರ ಮನಸ್ಸೂ ತಡೆಯಲ್ಲ ಕಣ್ರೀ, ರೀಲನ್ನ ಅಂಗೈಯಿಂದ ಅದುಮಿಬಿಡ್ತಾರೆ. ಆಗ ಬ್ರೇಕೂ ಇಲ್ಲ, ಏನೂ ಇಲ್ಲ. ಮೊದಲು ಅವರ ಕೈ ಎಷ್ಟು ತಡೆಯುತ್ತೆ ಅಂತ ನೋಡ್ಕೊಂಡು ಬನ್ನಿ. ಅದಕ್ಕಿಂತ ಕಮ್ಮಿದು ಕೊಡ್ತೀನಿ."

ಅಂದರೆ ಈಗ ಅತ್ತೆಯ ಅಳತೆ ತೆಗೆಯಬೇಕಿತ್ತು. ಎಂತೆಂಥ ಜಗಳಗಂಟಿಯರ ಅಳತೆ ತೆಗೆದವಳು ನಾನು, ಆದರೂ ಅತ್ತೆಯ ಮುಂದೆ ಬಾಯಿ ತೆರೆಯಲು ಹಿಂಜರಿದೆ. ಅತ್ತೆ ಮಾತ್ರ ಸುಲಭವಾಗಿ ಒಪ್ಪಿದರು. "ಪರೀಕ್ಷೆ ತಾನೇ? ನಾನು ಬಸ್ಸಿಗೇ ಪರೀಕ್ಷೆ ಕೊಟ್ಟವಳು," ಎಂದು, ಕಟ್ಟು ಬಿಚ್ಚಿದ ಕೈಯಲ್ಲಿ ಕೋಲು ಹಿಡಿದು ಹಜಾರದ ಈ ಕೊನೆಯಲ್ಲಿ ನಿಂತರು. ನನ್ನ ಗಂಡ ಆ ಕೊನೆಯಲ್ಲಿ ಸೂಟ್‌ಕೇಸ್ ತೂಗುವ ಕೈತಕ್ಕಡಿಗೆ ದಾರ ಕಟ್ಟಿ ಹಿಡಿದರು. ನಾನು ಅತ್ತೆಯ ಪಾದಗಳ ಬಳಿ ಮಂಡಿಯೂರಿ ಕೂತೆ, ಹಿಮ್ಮಡಿ ಏಳುತ್ತದೆಯೇ ನೋಡಲು.

"ಎಳಿ ಅಮ್ಮ."

ಕೋಲು ಬಾಗಿತು. ಇವರು ಮುಳ್ಳು ನೋಡಿ ಕಿಲೋ ಲೆಕ್ಕ ಕೂಗುತ್ತಿದ್ದರು. "ಎರಡು... ಮೂರು... ನಾಲ್ಕು... ನೋವಿದ್ಯಾ?"

"ಇಲ್ಲ. ಓದು ಸುಮ್ನೆ."

"ಐದು... ಆರು."

"ಆರು ಆರಾಮು. ಸಾಕು," ಎಂದು ಅತ್ತೆ ಕೋಲು ಇಳಿಸಿದರು. ಅವರ ಮುಖ ನೋಡಿದೆ. ರಸ್ತೆ ನೋಡುತ್ತಿದ್ದ ಅದೇ ಮುಖ, ಒಂದು ಗೆರೆ ಅಲ್ಲಾಡಿರಲಿಲ್ಲ. ಹಿಮ್ಮಡಿಯೂ ಎದ್ದಿರಲಿಲ್ಲ. ಆದರೂ ಗಿರಾಕಿಗಳು ಬಾಯಲ್ಲಿ ಹೇಳುವ ಸೊಂಟದ ಅಳತೆಯನ್ನು ನಾನು ಎಂದೂ ನಂಬಿದವಳಲ್ಲ. ಅಂಗಡಿಯಾಕೆಗೆ ಐದು ಕಿಲೋ ದಾರ ಸಾಕು ಎಂದೆ.

ಹೊಸ ದಾರ ಮನೆಗೆ ಬಂದ ದಿನ ಇವರನ್ನು ನೋಡಬೇಕಿತ್ತು. ಹರಿಯಲೆಂದೇ ತಂದ ದಾರ ಅವರ ಜನ್ಮದಲ್ಲಿ ಅದೇ ಮೊದಲು. ಕೊಕ್ಕೆಗೆ ಗಂಟು ಹಾಕಿ, ಬಾಗಿಲ ಹಿಡಿಗೆ ಸಿಕ್ಕಿಸಿ, ತಕ್ಕಡಿ ಹಿಡಿದು ಎಳೆದರು. ಐದರ ಹತ್ತಿರ ಟಪ್ಪೆಂದು ಹರಿದಾಗ ಬೆಚ್ಚಿಬಿದ್ದು ಎದೆ ಹಿಡಿದುಕೊಂಡರು. ಆಮೇಲೆ ಇನ್ನೊಮ್ಮೆ ಕಟ್ಟಿದರು, ಎಳೆದರು. ಮತ್ತೊಮ್ಮೆ. ಊಟಕ್ಕೆ ಕರೆದರೂ ಬರಲಿಲ್ಲ.

"ಇಲ್ನೋಡೇ," ಎಂದು ತುಂಡುಗಳನ್ನು ಅಂಗೈಯಲ್ಲಿ ತಂದು ತೋರಿಸಿದರು. "ಪ್ರತಿ ಸಲಾನೂ ಗಂಟಲ್ಲೇ ಹರಿಯುತ್ತೆ. ಬೇರೆಲ್ಲೂ ಇಲ್ಲ. ಯಾಕಿರಬಹುದು?"

"ಗಂಟಲ್ಲಿ ದಾರ ತನ್ನನ್ನ ತಾನೇ ಹಿಸುಕುತ್ತೆ, ಅದಕ್ಕೆ," ಎಂದರು ಅತ್ತೆ ಅನ್ನ ಬಡಿಸಿಕೊಳ್ಳುತ್ತ. ಇವರು ಆ ತುಂಡುಗಳನ್ನು ಊಟ ಮುಗಿಯುವವರೆಗೂ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದರು.

ಕಟ್ಟೆಗೆ ಹೋದ ಬೆಳಿಗ್ಗೆ ಗಾಳಿ ಇರಲಿಲ್ಲ. ದೋಣಿಗಳು ಆಗಲೇ ಹೋಗಿಯಾಗಿತ್ತು. ಅತ್ತೆ ಕಟ್ಟೆಯ ತುದಿಯಲ್ಲಿ ಕಾಲು ಅಗಲಿಸಿ ನಿಂತರು. ನಾವಿಬ್ಬರೂ ಹಿಂದೆ ಬೆಂಚಿನ ಮೇಲೆ, ಮಾತಾಡಬಾರದೆಂಬ ಅಪ್ಪಣೆಯ ಮೇಲೆ ಕೂತೆವು. ಎರಡು ಸಣ್ಣ ಮೀನು ಬಂದವು. ಪ್ರತಿ ಸಲವೂ ಅತ್ತೆ ತಿರುಗಿ ಮಗನ ಕಡೆ ಒಂದು ನೋಟ ಬೀರಿದರು, ನೋಡಿದೆಯಾ ಎನ್ನುವ ಹಾಗೆ.

ಮೂರನೆಯದು ಸಣ್ಣದಾಗಿರಲಿಲ್ಲ. ಕೋಲು ಒಮ್ಮೆಗೇ ನೀರಿನ ಕಡೆ ಬಾಗಿತು, ರೀಲು ಕಿರ್ರೆಂದು ದಾರ ಬಿಡತೊಡಗಿತು. ಅತ್ತೆ ಬಿಟ್ಟರು, ಸುತ್ತಿದರು, ಮತ್ತೆ ಬಿಟ್ಟರು. ಅವರ ಬೆನ್ನು ನೋಡಿದರೆ ಇಪ್ಪತ್ತು ವರ್ಷ ಚಿಕ್ಕವರು ಅನ್ನಬೇಕು. ಆಗ ಮೀನು ಎಡಕ್ಕೆ ಹೊರಳಿ ಕಲ್ಲುಬಂಡೆಗಳ ಸಂದಿಯ ಕಡೆ ಓಡಿತು. ಅಂಗಡಿಯಾಕೆ ಹೇಳಿದಂತೆಯೇ ಆಯಿತು, ಅತ್ತೆಯ ಅಂಗೈ ರೀಲನ್ನು ಅದುಮಿತು. ಕಿರ್ರೆನ್ನುವ ಸದ್ದು ನಿಂತುಹೋಯಿತು. ಅವರ ಮುಂದಿನ ಕಾಲು ಪಾಚಿಯ ಮೇಲೆ ಒಂದು ಗೇಣು ಜಾರಿತು.

"ಅಮ್ಮಾ, ಬಿಡು!" ಇವರು ಬೆಂಚಿನಿಂದ ಹಾರಿದರು. ಅವರು ಹೋಗಿ ಮುಟ್ಟುವುದರೊಳಗೆ ಟಪ್ಪೆಂದು ಸದ್ದಾಯಿತು.

ಕೋಲು ನೆಟ್ಟಗಾಯಿತು. ಅತ್ತೆ ಎರಡು ಹೆಜ್ಜೆ ಹಿಂದೆ ತಡವರಿಸಿ, ನಿಂತರು. ಬೀಳಲಿಲ್ಲ. ನೀರಿನ ಮೇಲೆ ಸಣ್ಣದೊಂದು ಸುಳಿ ಎದ್ದು ಮಾಯವಾಯಿತು. ಜಾರಿದ್ದನ್ನು ನಾವಿಬ್ಬರೂ ಕಣ್ಣಾರೆ ಕಂಡಿದ್ದೆವು, ಕಟ್ಟುಪಾಡು ನಮ್ಮಿಬ್ಬರಿಗೂ ನೆನಪಿತ್ತು.

ಇವರು ಕೈ ಚಾಚಿದರು. ಕೋಲಿಗಾಗಿ ಎಂದುಕೊಂಡೆ. ಅತ್ತೆಯೂ ಹಾಗೇ ಎಂದುಕೊಂಡಿರಬೇಕು, ಕೋಲನ್ನು ಎದೆಗೆ ಒತ್ತಿ ಹಿಡಿದರು. ಆದರೆ ಇವರು ಹಿಡಿದದ್ದು ನೇತಾಡುತ್ತಿದ್ದ ದಾರದ ತುದಿಯನ್ನು. ಅದನ್ನು ಕಣ್ಣಿನ ಹತ್ತಿರ ತಂದು ನೋಡಿದರು. ತುದಿ ಸುರುಳಿ ಸುತ್ತಿಕೊಂಡಿತ್ತು. "ಗಂಟಲ್ಲೇ ಹರಿದಿದೆ," ಎಂದರು. "ಒಳ್ಳೇ ದಾರ."

ಅತ್ತೆ ಮಗನನ್ನೇ ನೋಡಿದರು. ಆಮೇಲೆ ಕೋಲನ್ನು ಬೆಂಚಿಗೆ ಒರಗಿಸಿ, ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತರು. ಅವರ ಮುಖ ಒಮ್ಮೆಗೇ ಸಡಿಲವಾಯಿತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

"ಮೂರಕ್ಕೇ ನೋವಿತ್ತು ಕಣೋ," ಎಂದರು. "ಅವತ್ತು ಹಜಾರದಲ್ಲಿ. ಮೂರಕ್ಕೇ ಜೀವ ಹೋಗೋ ಹಾಗಾಗಿತ್ತು. ಹೇಳಿದ್ರೆ ನೀನು ಕೋಲು ಕೊಟ್ಟುಬಿಡ್ತೀಯ ಅಂತ ಆರು ಅಂದೆ."

ಇವರು ಅಮ್ಮನ ಪಕ್ಕ ಕೂತರು. ಆ ಮಣಿಕಟ್ಟನ್ನು ತಮ್ಮ ಕೈಗೆ ತೆಗೆದುಕೊಂಡು, ಲಿಫ್ಟಿನ ಹಗ್ಗ ನೋಡುವಷ್ಟೇ ನಿಧಾನವಾಗಿ ಬೆರಳಿನಿಂದ ಒತ್ತಿ ಒತ್ತಿ ನೋಡಿದರು.

"ಹಾಗಾದ್ರೆ ಎರಡೂವರೆದು ತರಬೇಕು," ಎಂದರು. "ನಾಳೆ ಹೋಗಿ ತರ್ತೀನಿ."

ಅತ್ತೆ ಮೂಗು ಒರೆಸಿಕೊಂಡರು. "ನಾಳೆ ಯಾಕೆ? ಅಂಗಡಿ ಈಗ ತೆಗೆದಿರುತ್ತೆ," ಎಂದರು. "ಇಬ್ಬರೂ ಹೋಗಿ ಬನ್ನಿ. ನಾನು ಇಲ್ಲೇ ಇರ್ತೀನಿ."