ಹೂವು ಅಲುಗಿತು, ಹಕ್ಕಿಯಲ್ಲ

ಲ್ಯೊಂಗ ಜೇನು ಕೀಳಲು ಹೋಗಿ ಎಂಟು ದಿನವಾಗಿತ್ತು. ಊರಿನ ಗಂಡಸರು ಕೆಳಗಿನ ಕಾಡನ್ನೆಲ್ಲ ಜಾಲಾಡಿ ಬರಿಗೈಯಲ್ಲಿ ಮರಳಿದ್ದರು. ಅವನ ಅಕ್ಕ ಎನಂಗ ಕ್ಯಾಮರೂನ್ ಬೆಟ್ಟದ ಸಂಶೋಧನಾ ಶಿಬಿರದಲ್ಲಿ ಕೂತು ಎಂದಿನಂತೆ ಹೂವು ನೋಡುತ್ತಿದ್ದಳು.

ಬೆಟ್ಟದ ನಾಲ್ಕು ಎತ್ತರಗಳಲ್ಲಿ ಹೂಗಳ ಮುಂದೆ ಕ್ಯಾಮೆರಾ ಕಟ್ಟಿದ್ದರು. ಯಾವ ಎತ್ತರದಲ್ಲಿ ಯಾವ ಸೂರಕ್ಕಿ ಪರಾಗ ಹೊರುತ್ತದೆ ಎಂದು, ವಿಡಿಯೊ ಬೇಗ ಬೇಗ ಓಡಿಸಿ ಬರೆಯುವುದು ಅವಳ ಕೆಲಸ. ಹಕ್ಕಿ ಬಂದರೆ ಅದರ ಹೆಸರು, ಬಂದ ಹೊತ್ತು. ಗಾಳಿ, ಮಳೆ, ಇಲಿ, ಏನೇ ಆದರೂ ಒಂದೇ ಸಾಲು: ಹೂವು ಅಲುಗಿತು, ಹಕ್ಕಿಯಲ್ಲ.

ಅವ್ವ ಬೇಯಿಸಿದ ಕೆಸುವಿನ ಗಡ್ಡೆಯ ಪೊಟ್ಟಣ ಹಿಡಿದು ಹತ್ತಿ ಬಂದಳು.

"ಮೇಲೆ ಬೆಟ್ಟದೊಡೆಯ ದೇವ್ರ ತೋಟಕ್ಕೆ ಕೈ ಹಾಕ್ದ ಅಂತಿದಾರೆ ಜನ. ಅಲ್ಲಿ ತಿನ್ಬೋದು, ಹೊತ್ಕೊಂಡು ಇಳೀಬಾರ್ದು."

"ಮೇಲಕ್ಕೆ ಹೋಗಿಲ್ಲವ್ವ. ಹೊಳೆ ಹತ್ರ ಅಂದಿದ್ದ."

"ನಿಂಗೆ ಅಂದಿದ್ದ. ಗಿಡ ತುಳೀತೀಯ ಅಂತ ಉಗೀತಿದ್ಯಲ್ಲ, ನಿಂಗೆ ನಿಜ ಹೇಳ್ತಾನಾ? ಮೇಲಿರೋ ನಿನ್ ಕ್ಯಾಮೆರಾಗೆ ಕಣ್ಣಿಲ್ವ?"

"ಅದು ಹೂವು ಮಾತ್ರ ನೋಡತ್ತೆ."

ಹಾಗಂದವಳೇ ಎನಂಗ ಪುಸ್ತಕ ತಿರುವಿದಳು. ಎಲ್ಲಕ್ಕಿಂತ ಮೇಲಿನ ಕ್ಯಾಮೆರಾದ ಪುಟ. ಅವನು ಹೋದ ದಿನ, ಸಂಜೆ ನಾಲ್ಕು ಹತ್ತು: ಹೂವು ಅಲುಗಿತು, ಹಕ್ಕಿಯಲ್ಲ. ಬರೆದದ್ದು ಅವಳೇ, ಆರು ದಿನದ ಹಿಂದೆ.

ಈ ಸಲ ಆ ವಿಡಿಯೊ ನಿಧಾನವಾಗಿ ಓಡಿಸಿದಳು. ಒಂದು ಕೈ ದಂಟು ಹಿಡಿಯಿತು. ಜೇನು ಕಚ್ಚಿ ಊದಿಕೊಂಡಿತ್ತು. ಕಿರುಬೆರಳು ಅರ್ಧಕ್ಕೇ ನಿಂತಿತ್ತು. ಚಿಕ್ಕವನಿದ್ದಾಗ ಮಚ್ಚಿಗೆ ಹೋದ ಬೆರಳು. ಕೈ ಬಲಕ್ಕೆ, ಕಮರಿಯ ಕಡೆ ಜಾರಿತು. ಗಿಡ ನೆಟ್ಟಗಾಯಿತು. ಅರ್ಧ ಗಂಟೆಗೆ ಗಂಡು ಸೂರಕ್ಕಿ ಬಂದು ಎರಡು ಹೂವು ಹೀರಿತು. ಅದನ್ನೂ ಬರೆದಿದ್ದಳು.

"ಏನೇ?" ಅಂದಳು ಅವ್ವ.

"ಕಮರಿ," ಅಂದಳು ಎನಂಗ. "ಆರು ದಿನದ ಹಿಂದೇನೇ ಬರ್ದಿಟ್ಟಿದ್ದೆ, ಸರಿಯಾಗಿ ನೋಡಿರ್ಲಿಲ್ಲ. ಗಂಡಸರನ್ನ ಕರಿ."

ಮರುದಿನ ಕಮರಿಯಲ್ಲಿ ಹೆಣವಾಗಿ ಸಿಕ್ಕಿದ. ಕಾಲು ಮುರಿದಿತ್ತು. ಪಕ್ಕದಲ್ಲಿ ಜೇನಿನ ಡಬ್ಬ, ತಳದವರೆಗೂ ಬೆರಳಲ್ಲಿ ಬಳಿದು ನೆಕ್ಕಿದ್ದು. ಬಿದ್ದ ಮೇಲೆ ಐದು ದಿನವಾದರೂ ಬದುಕಿದ್ದಿರಬೇಕು ಎಂದರು ಹೊತ್ತು ತಂದವರು. ಅವ್ವ ಎದುರಿಗಿದ್ದಳು, ಲೆಕ್ಕ ಅವಳಿಗೂ ಬರುತ್ತಿತ್ತು. ಅವಳು ಮಗಳ ಕಡೆ ನೋಡಲಿಲ್ಲ.

ಮಣ್ಣಾದ ಮೇಲೆ ಎನಂಗ ಶಿಬಿರಕ್ಕೆ ಬಂದು ಆ ಸಾಲು ಹೊಡೆದುಹಾಕಲು ಪೆನ್ನು ತೆಗೆದಳು. ಬರೆದದ್ದರಲ್ಲಿ ತಪ್ಪಿರಲಿಲ್ಲ. ಹಾಗೇ ಬಿಟ್ಟಳು.