ಎಡಗಡೆಯ ಸೀಟು

ಹಿಂಗಾರು ಮಳೆ ಸುರಿದು ತೊಳೆದ ಮುಂಜಾವಿನಲ್ಲಿ ಮಧುಗಿರಿಯ ಏಕಶಿಲಾ ಬೆಟ್ಟವನ್ನು ನೀವೊಮ್ಮೆ ನೋಡಬೇಕು, ಸಹೃದಯರೇ! ಆ ಮಹಾಶಿಲೆಯ ನೆತ್ತಿಯನ್ನು ಮೊದಲು ಮುಟ್ಟುವ ಅರುಣಕಿರಣ, ಅವಸರವೆಂಬುದನ್ನೇ ಅರಿಯದ ಮನೆಯ ಹಿರಿಯಳಂತೆ, ಕೋಟೆಯ ಒಂದೊಂದೇ ಸುತ್ತನ್ನು ಇಳಿದು, ಬಂಡೆಯ ಸಂದಿನಲ್ಲಿ ನಿಂತ ನೀರಿನಲ್ಲಿ ಕ್ಷಣಕಾಲ ಮುಖ ನೋಡಿಕೊಂಡು, ಬಸ್ ನಿಲ್ದಾಣವನ್ನು ದಾಟಿ, ಶಿರಾ ರಸ್ತೆಯ ಹುಣಿಸೆಮರಗಳ ನಡುವೆ ಹಾದು ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿರುತ್ತದೆ... ಆದರೇನು! ಬಂದ ಮೇಲೆ ಅದು ಯಾರ ಮನೆಯ ಹೊಸಿಲನ್ನೂ ಬಿಟ್ಟುಹೋಗುವುದಿಲ್ಲ.

ಆ ಬೆಳಕು ಕಡೆಗೆ ಬಂದು ತಲುಪುತ್ತಿದ್ದ ಅಂಗಡಿಗಳಲ್ಲಿ ಶ್ರೀಲತಾಳದೂ ಒಂದು. ಮೂವತ್ತು ವರ್ಷ ಬಸ್ಸುಗಳ ಸೀಟು ಹೊಲಿದ ಅವಳ ತಂದೆ ಚಿಕ್ಕನರಸಯ್ಯ, ಕಣ್ಣು ಮಂಜಾದ ಮೇಲೆ ಸೂಜಿಯನ್ನು ಮಗಳ ಕೈಗೆ ಕೊಟ್ಟು ನೆಮ್ಮದಿಯಾಗಿ ಬಾಗಿಲಲ್ಲಿ ಕುಳಿತಿದ್ದ. ಮೂವತ್ತೆರಡರ ಶ್ರೀಲತಾಗೆ ಆ ಸೂಜಿಯ ಮೇಲೆ ಎಂಥ ಹಿಡಿತವೆಂದರೆ, ಪಕ್ಕದ ಕೋಣೆಯಲ್ಲಿ ಹೊಲಿಗೆಯಂತ್ರ ಓಡುವ ಸದ್ದನ್ನು ಕೇಳಿಯೇ ಮೇಲಿನ ದಾರ ಬಿಗಿಯಾಗಿದೆಯೋ ಕೆಳಗಿನದು ಸಡಿಲವೋ ಎಂದು ಹೇಳಿಬಿಡುತ್ತಿದ್ದಳು. ಅವಳ ಮಾತೂ ಹೊಲಿಗೆಯಂತೆಯೇ ನೇರವಾಗಿತ್ತು.

ನಟರಾಜು ಅವಳ ಅಂಗಡಿಗೆ ಬಂದದ್ದು ತುಕ್ಕು ಹಿಡಿದ ಎರಡು ಸೀಟಿನ ಚೌಕಟ್ಟುಗಳನ್ನು ಹೊತ್ತುಕೊಂಡು. ದೊಡ್ಡೇರಿ ಕಡೆಯ ಹಟ್ಟಿಯಲ್ಲಿ ಕುರಿ ಕಾಯುವ ದಾಸಣ್ಣನ ಮಗ ಅವನು. ಶಿರಾದಲ್ಲಿ ಎಂಜಿನ್ ಕೆಲಸಕ್ಕೆ ಹೆಸರಾದವನು. ಅಲ್ಲಿನ ಕಡಲೆಕಾಯಿ ಗಿರಣಿಯೊಂದರ ಹಿತ್ತಲಲ್ಲಿ, ಸಿಪ್ಪೆಯ ರಾಶಿಯಡಿ ಇಪ್ಪತ್ತೈದು ವರ್ಷ ಹೂತುಹೋಗಿದ್ದ ಹಳೆಯ ವಿಲಾಯಿತಿ ಸ್ಪೋರ್ಟ್ಸ್ ಕೂಪೆ ಕಾರನ್ನು ಅವನು ಎತ್ತಿ ತಂದಿದ್ದ. ನೀಳವಾದ ಮೂತಿ, ಹಿಂದಕ್ಕೆ ಇಳಿದುಹೋಗುವ ಸೂರು, ಎರಡೇ ಬಾಗಿಲು, ಎರಡೇ ಸೀಟು! ಮೂರು ವರ್ಷದಿಂದ ಅದರ ತಗಡಿನ ತೂತುಗಳನ್ನು ಮುಚ್ಚಿ, ಎಂಜಿನ್ನನ್ನು ಬಿಚ್ಚಿ, ಸಿಲಿಂಡರುಗಳನ್ನು ಕೊರೆಸಿ ಹಿಗ್ಗಿಸಿ, ಗಾಳಿಗೆ ಪೆಟ್ರೋಲು ಬೆರೆಸಿಕೊಡುವ ಕಾರ್ಬೊರೇಟರ್ ಒಂದಿದ್ದಲ್ಲಿ ಎರಡನ್ನು ಕೂರಿಸಿ, ಅದು ಹುಟ್ಟಿದ ದಿನ ಇದ್ದುದಕ್ಕಿಂತ ಹೆಚ್ಚಿನ ಓಟವನ್ನು ಅದಕ್ಕೆ ಕಲಿಸಿದ್ದ.

ಬಲಗಡೆಯ ಸೀಟಿಗೆ ಶ್ರೀಲತಾ ಅವನ ಅಳತೆಯನ್ನೇ ತೆಗೆದುಕೊಂಡಳು. ಎಡಗಡೆಯದಕ್ಕೆ ಯಾರ ಅಳತೆ ಎಂದು ಕೇಳಿದಾಗ, ಊರಿನ ಎಂಜಿನ್ನುಗಳನ್ನೆಲ್ಲ ಮಾತಾಡಿಸುವ ಆ ಮನುಷ್ಯ ಇನ್ನೊಮ್ಮೆ ಹೇಳುವೆನೆಂದು ತೊದಲಿ ಹೊರಟುಬಿಟ್ಟ. ಆಮೇಲೆ ಒಮ್ಮೆ ದಾರದ ಬಣ್ಣ ನೋಡಲು ಬಂದ. ಒಮ್ಮೆ ಗುಂಡಿ ತೋರಿಸಲು ಬಂದ. ಮೂರನೆಯ ಸಲ ಯಾವ ನೆವವೂ ಸಿಗದೆ ಸುಮ್ಮನೆ ಬಂದ. ಬೆಪ್ಪ! ಕೆಂಪು ದಾರವೇನು ಶಿರಾದಲ್ಲಿ ಸಿಗುವುದಿಲ್ಲವೇ? ಮಳೆ ಹಿಡಿದ ಒಂದು ಸಂಜೆ, ಚಿಕ್ಕನರಸಯ್ಯನಿಗೆ ಚಹಾ ತಂದುಕೊಟ್ಟು ಅವನ ಹಳೆಯ ಬಸ್ಸುಗಳ ಕಥೆಯನ್ನು ಗಂಟೆಗಟ್ಟಲೆ ಕೇಳುತ್ತ ಕುಳಿತಿದ್ದ ನಟರಾಜುವನ್ನು ನೋಡಿ ಶ್ರೀಲತಾಳ ಮನಸ್ಸು ಸೋತಿತು. ಹೌದು, ಅವಳಿಗೆ ಅವನ ಮೇಲೆ ಪ್ರೀತಿ ಹುಟ್ಟಿತು. ಅದನ್ನು ಸುತ್ತಿಬಳಸಿ ಹೇಳುವ ಅಗತ್ಯ ಅವಳಿಗೂ ಇರಲಿಲ್ಲ, ನಮಗೂ ಬೇಡ.

ಆದರೆ ಅವನ ಹಟ್ಟಿಗೂ ಅವಳ ಕೇರಿಗೂ ನಡುವೆ ಒಂದು ಬೇಲಿಯಿತ್ತು. ನೆಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ, ಕಾಯುವವರು ಮಾತ್ರ ಎಲ್ಲರೂ! ಅವಳ ಜಾತಿಯ ಹೆಣ್ಣು ಆ ಹಟ್ಟಿಗೆ ಸೊಸೆಯಾಗಿ ಹೋದದ್ದನ್ನು ಕಂಡವರಿಲ್ಲ. ಶ್ರೀಲತಾಳನ್ನೇ ಮದುವೆಯಾಗುವೆನೆಂದು ನಟರಾಜು ಮನೆಯಲ್ಲಿ ಹೇಳಿದಾಗ ತಾಯಿ ಕ್ಯಾತಮ್ಮ ಅತ್ತು, ಮುನಿಸಿಕೊಂಡು, ಕೊನೆಗೆ ಹುಡುಗಿಯನ್ನು ಒಮ್ಮೆ ಮನೆಗೆ ಕರೆದುಕೊಂಡು ಬಾ ಎಂದಿದ್ದಳು. ದಾಸಣ್ಣ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

ಅಮ್ಮನ ಕರೆಯನ್ನು ತಿಳಿಸಲು ಬಂದ ದಿನ ನಟರಾಜು ಬಹಳ ಉತ್ಸಾಹದಲ್ಲಿದ್ದ.

“ಹಟ್ಟಿಯೊಳಕ್ಕೆ ನುಗ್ಗಿದ್ರೆ ಕಣ್ಣು ಮಿಟುಕ್ಸೋದ್ರೊಳಗೆ ನಮ್ಮನೆ ಬಾಗ್ಲಾಗೆ ಇರ್ತೀವಿ. ಎಡಗಡೆ ಕುಂತಿರೋರು ಯಾರು ಅಂತ ಒಬ್ರಿಗೂ ಗೊತ್ತಾಗಾಕಿಲ್ಲ” ಎಂದ.

ಶ್ರೀಲತಾ ಕತ್ತರಿಯನ್ನು ಕೆಳಗಿಟ್ಟಳು.

“ಗೊತ್ತಾಗ್ದಂಗೆ ಸಾಗ್ಸೋಕೆ ನಾನೇನು ಕದ್ದ ಮಾಲಾ? ಹಗಲೊತ್ತು, ಕುರಿ ನಡಿಯೋಷ್ಟು ನಿಧಾನಕ್ಕೆ, ಎಲ್ರೂ ನೋಡೋ ಹಂಗೆ ಕರ್ಕೊಂಡೋದ್ರೆ ಬತ್ತೀನಿ. ಅಲ್ಲೀಗಂಟ ಎಡಗಡೆ ಸೀಟು ಹೊಲಿಯಾಕಿಲ್ಲ.”

ಅವನು ತನ್ನ ಎಂಜಿನ್ನಿನ ಗುಣವನ್ನು ವಿವರಿಸಿದ. ಅದು ಓಟಕ್ಕೆಂದೇ ಹದಗೊಂಡದ್ದು. ವೇಗ ತಗ್ಗಿಸಿದರೆ ಕೆಮ್ಮುತ್ತದೆ, ನಡಿಗೆಯ ಗತಿಗೆ ತಂದರೆ ಆರಿಯೇಹೋಗುತ್ತದೆ. ಅದು ನಿಜವೂ ಆಗಿತ್ತು. ಶ್ರೀಲತಾ ಪೂರ್ತಿ ಕೇಳಿಸಿಕೊಂಡಳು.

“ನಿಧಾನಕ್ಕೆ ಹೋಗೋಕೆ ಎಂಜಿನ್‌ಗೆ ಆಗಾಕಿಲ್ವೋ, ನಿಮ್ಗೆ ಆಗಾಕಿಲ್ವೋ?”

ನಟರಾಜು ಎದ್ದು ಹೊರಟುಹೋದ.

ಹನ್ನೊಂದು ದಿನ ಅವನ ಸುಳಿವಿಲ್ಲ. ಶ್ರೀಲತಾ ಆಟೋಗಳ ಸೀಟು ಹೊಲಿದಳು, ಟ್ರ್ಯಾಕ್ಟರಿನದು ಹೊಲಿದಳು, ಎಂದೂ ಇಲ್ಲದವಳು ಬೆರಳಿಗೆ ಸೂಜಿ ಚುಚ್ಚಿಕೊಂಡಳು. ರಸ್ತೆಯಲ್ಲಿ ಹೋಗುವ ಪ್ರತಿಯೊಂದು ಗಾಡಿಯ ಸದ್ದಿಗೂ ಅವಳು ಸೂಜಿ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದಳು... ಆದರೂ ಆಡಿದ ಮಾತು ತಪ್ಪೆಂದು ಅವಳಿಗೆ ಒಂದು ಗಳಿಗೆಯೂ ಅನ್ನಿಸಲಿಲ್ಲ. ಅವನು ಬರದಿದ್ದರೆ ನೋವಾಗುತ್ತದೆ, ಬಹಳ ನೋವಾಗುತ್ತದೆ. ಹಾಗೆಂದು ಮುಖ ಮುಚ್ಚಿಕೊಂಡು ಹೋಗಲಾದೀತೇ?

ಹನ್ನೆರಡನೆಯ ದಿನ ದಾಸವಾಳದ ಕೆಂಪಿನ ಆ ಕಾರೇ ಅಂಗಡಿಯ ಮುಂದೆ ಬಂದು, ಚಳಿಜ್ವರ ಬಂದವರಂತೆ ನಡುಗುತ್ತ ನಿಂತಿತು. ನಟರಾಜುವಿನ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು.

“ಓಟದಾಗೆ ಸರಿಯಿತ್ತು ಅಂತ ಎಲ್ಲಾ ಸರಿಯಾಗೇ ಅದೆ ಅಂದ್ಕೊಂಬುಟ್ಟಿದ್ದೆ. ಎಂಜಿನ್ನೂ ತಪ್ಪು, ನಾನೂ ತಪ್ಪು. ನೀವೊಂದ್ಸಲ ಕಿವಿ ಕೊಟ್ಟು ಕೇಳ್ರಿ” ಎಂದು ರಬ್ಬರ್ ಕೊಳವೆಯೊಂದನ್ನು ಅವಳ ಕೈಗಿತ್ತ.

ಕೊಳವೆಯ ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದನ್ನು ಮೊದಲು ಒಂದು ಕಾರ್ಬೊರೇಟರಿನ ಬಾಯಿಗೆ, ಆಮೇಲೆ ಮತ್ತೊಂದರ ಬಾಯಿಗೆ ಇಟ್ಟು ಶ್ರೀಲತಾ ಕಣ್ಣು ಮುಚ್ಚಿ ಕೇಳಿದಳು. ಒಂದು ಗಟ್ಟಿಯಾಗಿ ಉಸಿರೆಳೆಯುತ್ತಿತ್ತು. ಇನ್ನೊಂದರ ಉಸಿರು ಕ್ಷೀಣ.

“ಮೇಲಿನ ದಾರ ಬಿಗಿ, ಕೆಳಗಿನದು ಸಡಿಲ” ಎಂದಳು. “ಬಟ್ಟೆ ಎಳ್ದು ಹಿಡಿದ್ರೆ ಗೊತ್ತಾಗಾಕಿಲ್ಲ. ಕೈ ಬಿಟ್ರೆ ಸುಕ್ಕು ಬೀಳ್ತದೆ.”

ಅವಳು ಕೇಳಿ ಹೇಳಿದಂತೆ ಅವನು ತಿರುಪನ್ನು ಕೂದಲೆಳೆಯಷ್ಟೇ ತಿರುಗಿಸಿದ. ಹೀಗೆ ಬೆಳಗಿನಿಂದ ಮಧ್ಯಾಹ್ನದವರೆಗೆ! ಎರಡರ ಉಸಿರೂ ಒಂದೇ ಆದ ಕ್ಷಣ, ಎಂಜಿನ್ನಿನ ನಡುಕ ತಾನಾಗಿ ಅಡಗಿ, ಒಲೆಯ ಮೇಲೆ ಹದವಾಗಿ ಕುದಿಯುವ ಎಸರಿನಂಥ ಮೆಲುದನಿ ಹೊರಟಿತು. ಬಾಗಿಲಲ್ಲಿದ್ದ ಚಿಕ್ಕನರಸಯ್ಯ ತಲೆದೂಗಿದ. ಶ್ರೀಲತಾ ಒಳಗೆ ಹೋಗಿ ಅಳತೆಯ ಟೇಪು ತಂದು ನಟರಾಜುವಿನ ಕೈಗೆ ಕೊಟ್ಟಳು.

“ಎಡಗಡೆ ಸೀಟಿಗೆ ಅಳತೆ ತಕ್ಕಳಿ.”

ಎಂಥ ಎಂಜಿನ್ನಿಗೂ ಅಂಜದ ಅವನು, ಒಂದೇ ಅಳತೆಯನ್ನು ಮೂರು ಸಲ ತಪ್ಪಾಗಿ ಓದಿದ.

ತಾವು ಬರುವ ವಿಷಯವನ್ನೂ ಶ್ರೀಲತಾಳ ಷರತ್ತನ್ನೂ ಅವನು ತಂದೆಗೆ ಹೇಳಿದಾಗ, ದಾಸಣ್ಣ ಯಾವ ದಿನ, ಎಷ್ಟು ಹೊತ್ತಿಗೆ ಎಂದಷ್ಟೇ ಕೇಳಿ, ಕೋಲನ್ನು ಹೆಗಲಿಗೇರಿಸಿಕೊಂಡು ಕುರಿಗಳ ಹಿಂದೆ ಹೊರಟುಹೋಗಿದ್ದ.

ಗೊತ್ತುಪಡಿಸಿದ ಭಾನುವಾರ, ಬೆಳಗಿನ ಒಂಬತ್ತು ಗಂಟೆ. ಬಯಲಿನ ರಸ್ತೆಯಲ್ಲಿ ಜೋರಾಗಿ ಓಡಿಸಲು ಶ್ರೀಲತಾಳೇ ಹೇಳಿದಳು. ಆಹಾ, ಆ ಓಟ! ಹುಣಿಸೆಮರಗಳು, ಕಡಲೆಕಾಯಿ ಹೊಲಗಳು, ಮಳೆಗೆ ತುಂಬಿದ ಹೊಂಡಗಳು ಒಂದರ ಹಿಂದೊಂದು ಹರಿದುಹೋದವು. ಮೂರು ವರ್ಷದ ಪರಿಶ್ರಮವೆಲ್ಲ ಆ ಎಂಜಿನ್ನಿನ ಕಂಠದಲ್ಲಿ ಹಾಡಾಗಿ ಹೊಮ್ಮಿತು. ಅವಳು ಬಾಯ್ತುಂಬ ನಕ್ಕಳು. ಹಟ್ಟಿಯ ತಿರುವು ಬಂದಾಗ ಅವನು ಕೇಳದೆಯೇ ಗತಿ ತಗ್ಗಿಸಿದ.

ತಿರುವಿನಾಚೆ ರಸ್ತೆಯ ತುಂಬ ಕುರಿಗಳು! ಮುಂದೆ ದಾಸಣ್ಣ, ಹೆಗಲ ಮೇಲೆ ಕೋಲು, ಬೆನ್ನು ಇತ್ತ ಕಡೆಗೆ.

“ಈ ಹೊತ್ನಾಗೆ ಮಂದೆ ಗುಡ್ಡದ ಕಡೀಕೆ ಹೋಗ್ಬೇಕು. ಅಪ್ಪ ಯಾಕೆ ಊರೊಳಕ್ಕೆ ಹೊಡ್ಕೊಂಡ್ ಹೋಯ್ತಾವ್ನೆ?” ಎಂದು ನಟರಾಜು ಬೆಚ್ಚಿದ.

ದಾರಿ ತಡೆಯಲೆಂದೇ ಬಂದರೋ ಏನೋ ಎಂಬ ಅಂಜಿಕೆ ಶ್ರೀಲತಾಳ ಎದೆಯಲ್ಲಿ ಮೊದಲ ಸಲ ಹಾದುಹೋಯಿತು. ಆದರೂ ಅವಳು ಸೆರಗನ್ನು ತಲೆಗೆ ಎಳೆದುಕೊಳ್ಳಲಿಲ್ಲ, ಗಾಜನ್ನು ಏರಿಸಲಿಲ್ಲ. ತನ್ನ ಕೈಯಾರೆ ಹೊಲಿದ ಸೀಟಿನಲ್ಲಿ ನೇರವಾಗಿ ಕುಳಿತಳು. ಕಾರು ಮಂದೆಯ ಹಿಂದೆ ಹೆಜ್ಜೆಹೆಜ್ಜೆಗೆ ಸಾಗಿತು. ಜಗಲಿಗಳಲ್ಲಿ ಮಾತು ನಿಂತಿತು, ನಲ್ಲಿಯ ಬಳಿ ಕೊಡಗಳು ತುಂಬಿ ಚೆಲ್ಲಿದವು, ಒಂದೊಂದು ಬಾಗಿಲಲ್ಲೂ ನಾಲ್ಕು ನಾಲ್ಕು ಕಣ್ಣು. ಎಲ್ಲರೂ ನೋಡಿದರು, ಸಾವಕಾಶವಾಗಿ ನೋಡಿದರು.

ಅರಳಿಕಟ್ಟೆಯ ಮೇಲಿದ್ದ ಹಟ್ಟಿಯ ಹಿರಿಯ ಪೆದ್ದಣ್ಣ, ಮಂದೆಯನ್ನು ಪಕ್ಕಕ್ಕೆ ಹೊಡೆದುಕೊಂಡು ಕಾರಿಗೆ ದಾರಿ ಬಿಡುವಂತೆ ಕೂಗಿ ಹೇಳಿದ. ದಾಸಣ್ಣ ನಿಂತ. ಕುರಿಗಳು ನಿಂತವು. ಕಾರೂ ನಿಂತಿತು, ಎಂಜಿನ್ನಿನ ಸಮನಾದ ಉಸಿರೊಂದೇ ಕೇಳಿಸುತ್ತಿತ್ತು. ದಾಸಣ್ಣ ತಿರುಗಿ ಶ್ರೀಲತಾಳ ಮುಖವನ್ನು ಒಮ್ಮೆ ನೋಡಿದ, ಆಮೇಲೆ ಕಟ್ಟೆಯ ಕಡೆಗೆ ನೋಡಿದ.

“ಯಾಕ್ ಹೊಡೀಲಿ? ನಮ್ಮನೆ ಸೊಸೆ ಬತ್ತಾವ್ಳೆ ಕಣಣ್ಣ. ನಿಧಾನಕ್ಕೇ ಬರ್ಲಿ, ಎಲ್ರೂ ನೋಡ್ಲಿ.”

ಎಂದವನೇ ಮತ್ತೆ ಮುಂದೆ ನಡೆದ. ಶ್ರೀಲತಾಳ ಕಣ್ಣು ತುಂಬಿ ಬಂತು. ಅದನ್ನು ಅವಳು ಒರೆಸಿಕೊಳ್ಳಲಿಲ್ಲ.

ಓಡುವ ಬಲ ಪ್ರೀತಿಗೆ ಹುಟ್ಟಿನಿಂದಲೇ ಬರುತ್ತದೆ, ಸಹೃದಯರೇ... ಹತ್ತು ಜನರ ಕಣ್ಣೆದುರು ಮೆಲ್ಲಗೆ, ತಲೆಯೆತ್ತಿ, ಉಸಿರು ಕಟ್ಟದೆ ನಡೆಯುವುದನ್ನು ಮಾತ್ರ ಅದು ಇನ್ನೊಬ್ಬರ ಕಿವಿಯಿಂದ, ಇನ್ನೊಬ್ಬರ ಕೈಯಿಂದ ಕಲಿಯಬೇಕಾಗುತ್ತದೆ. ಕಟ್ಟೆಯಿಂದ ಕ್ಯಾತಮ್ಮ ಆರತಿ ಹಿಡಿದು ನಿಂತಿದ್ದ ಬಾಗಿಲಿನವರೆಗೆ ಹೋಗಲು ಆ ಕೆಂಪು ಕಾರಿಗೆ ಹತ್ತು ನಿಮಿಷ ಹಿಡಿಯಿತು. ಎಂಜಿನ್ ಒಮ್ಮೆಯೂ ಆರಲಿಲ್ಲ.