ಮಗ್ಗುಲ ಹಾಡು

"ನಿನ್ ಕೈಗೇನ್ ಲಕ್ವ ಹೊಡ್ದಿತ್ತೇನೇ? ಮುದುಕನ ಕುಂಡಿ ಕೊಳ್ತು ನಾರೋವರೆಗೂ ಏನ್ ಮಾಡ್ತಿದ್ದೆ?"

ವಾರ್ಡಿನ ಮೇಲ್ವಿಚಾರಕಿ ಡೆನಿಸ್ ಹ್ಯಾಲೊವೆಲ್ ಹೀಗೆ ಕಿರುಚುವಾಗ ಆಯಾ ಯೊಲೆಟ್ ಮುದುಕನನ್ನು ಮಗ್ಗುಲಿಗೆ ಹೊರಳಿಸಿ ಹಿಡಿದು ನಿಂತಿದ್ದಳು. ಅವನ ಬೆನ್ನಿನ ತಳದಲ್ಲಿ ಹುಣ್ಣಾಗಿ ನಿಂಬೆಹಣ್ಣು ಕೂರುವಷ್ಟು ಹಳ್ಳ ಬಿದ್ದಿತ್ತು.

"ಒಬ್ಳೇ ಹೆಂಗಮ್ಮಾ ಎತ್ಲಿ? ರೋಸ್ಲಾಂದ್, ನಾನು ಇಬ್ರಿದ್ವಿ. ಅವ್ಳನ್ನ ನೀವೇ ಕೆಲ್ಸದಿಂದ ತೆಗ್ದು ಮನೆಗ್ ಕಳ್ಸುದ್ರಿ. ಒಬ್ಳೇ ಎಳುದ್ರೆ ಚರ್ಮ ಶೀಟಿಗ್ ಅಂಟ್ಕಂಡು ಕಿತ್ ಬತ್ತದೆ."

"ಹಾಡು ಹಾಕ್ತೀವಲ್ಲ, ಕಿವುಡೀನಾ ನೀನು?"

ಹಾಡು! ಎರಡು ಗಂಟೆಗೊಮ್ಮೆ ಚಾವಣಿಯ ಸ್ಪೀಕರುಗಳಲ್ಲಿ ಪಿಯಾನೊ ನುಡಿಯುತ್ತಿತ್ತು. ಯಾರೇ ಆಗಲಿ, ಕೇಳಿದವರು ಓಡಿಹೋಗಿ, ಏಳಲಾಗದ ರೋಗಿಗಳ ಮಗ್ಗುಲು ಬದಲಿಸಬೇಕು, ಹಾಸಿಗೆ ಹುಣ್ಣಾಗದಂತೆ ನೋಡಿಕೊಳ್ಳಬೇಕು. ನೋಡಲು ಬಂದ ಮನೆಯವರು ಕಣ್ಣೊರೆಸಿಕೊಂಡು, ಎಂಥಾ ಆಸ್ಪತ್ರೆಯಪ್ಪಾ ಎನ್ನುತ್ತಿದ್ದರು. ಹಾಡು ಸಂಬಳ ಕೇಳುವುದಿಲ್ಲ, ಸೊಂಟ ನೋವೆಂದು ರಜೆ ಹಾಕುವುದಿಲ್ಲ. ಹಾಡು ಬಂದ ಮೇಲೆ ಆಳುಗಳನ್ನು ಕಡಿಮೆ ಮಾಡಿದರು. ಅದೇ ಹಾಡಿಗೆ ಈಗ ಬಹುಮಾನ ಬಂದಿತ್ತು. ಮಧ್ಯಾಹ್ನ ಇದೇ ಮಹಡಿಯ ಹಾಲ್‌ನಲ್ಲಿ ಕೇಕು ಕತ್ತರಿಸುವುದಿತ್ತು.

"ಗೆಸ್ಟುಗಳು ಬರ್ತಿದಾರೆ. ಬಾಗ್ಲು ಹಾಕ್ಕೊಂಡು ಒಳಗೇ ಬಿದ್ದಿರು, ವಾಸನೆ ಆಚೆ ಬರಬಾರ್ದು," ಎಂದಳು ಹ್ಯಾಲೊವೆಲ್. "ಈ ಹುಣ್ಣು ನಿನ್ನ ತಲೆಗೇ. ನಾಳೆಯಿಂದ ಈ ಬ್ರಾಕ್ಟನ್ ಊರಲ್ಲಿ ಯಾವ ಆಸ್ಪತ್ರೇಲೂ ನೀನು ಬೆಡ್‌ಪ್ಯಾನ್ ಸಹ ಎತ್ತಲ್ಲ, ಹಂಗ್ ಮಾಡ್ತೀನಿ. ಹೈಟಿಯಿಂದ ಬಂದ್ಬಿಡ್ತಾರೆ ದರಿದ್ರದವ್ರು!"

ಬಾಗಿಲು ಧಡಾರನೆ ಮುಚ್ಚಿತು. ಯೊಲೆಟ್‌ಳ ಮೈಯೆಲ್ಲ ಉರಿದುಹೋಯಿತು. ಆ ಹೆಂಗಸಿನ ಮುಖಕ್ಕೆ ಉಗಿಯಬೇಕಿತ್ತು ಅನಿಸಿತು.

ಮುದುಕ ಒರ್ಲಾಂಡೊ ಬಾರ್ರೋಸ್ ಗೋಡೆಯ ಕಡೆ ಮುಖ ಮಾಡಿಯೇ ನಕ್ಕ. ಸೊಂಟದ ಕೆಳಗೆ ಸ್ವಾಧೀನ ಇಲ್ಲದವನು, ಆದರೆ ನಾಲಿಗೆ ನೆಟ್ಟಗಿತ್ತು.

"ಈ ಊರಿನ್ ಬೂಟ್ ಫ್ಯಾಕ್ಟ್ರೀಲಿ ಚರ್ಮ ಹೊಲ್ದೋನು ಕಣವ್ವಾ ನಾನು. ಬೂಟಿಗ್ ಇಂಥಾ ತೂತು ಬಿದ್ದಿದ್ರೆ ಮೇಸ್ತ್ರಿ ಅದ್ನ ನನ್ ಮುಖಕ್ಕೇ ಎಸೀತಿದ್ದ. ಇಲ್ಲಿ ನೋಡು, ಕೇಕ್ ಕುಯ್ತಾವ್ರೆ."

ಆಗ ಚಾವಣಿಯಲ್ಲಿ ಪಿಯಾನೊ ಶುರುವಾಯಿತು.

ಯೊಲೆಟ್ ಹಾಸಿಗೆಯ ಆ ಬದಿಯ ಖಾಲಿ ಜಾಗವನ್ನು ನೋಡಿದಳು. ರೋಸ್ಲಾಂದ್ ನಿಲ್ಲುತ್ತಿದ್ದ ಜಾಗ.

"ತಾತ, ಹಾಡು ಬಂತು. ಇನ್ನೊಂದ್ ಜೊತೆ ಕೈ ಬೇಕು. ಕೈಗಳೆಲ್ಲ ಕೇಕ್ ತಾವ ಅವೆ. ಹೋಗಾನಾ? ನೀನ್ ಬ್ಯಾಡ ಅಂದ್ರೆ ಬ್ಯಾಡ."

ಮುದುಕ ಮಂಚದ ಕಂಬಿಯನ್ನು ಹಿಡಿದುಕೊಂಡ.

"ತಳ್ಳೇ ಮಗ್ಳೇ. ಮುಚ್ಕಂಡಿದ್ದು ಸಾಕು."

ಅವಳು ಮಂಚದ ಬ್ರೇಕನ್ನು ಕಾಲಲ್ಲಿ ಒದ್ದು ಬಿಡಿಸಿ, ಬಾಗಿಲು ತೆರೆದು, ಹಾಲ್‌ಗೆ ತಳ್ಳಿಕೊಂಡು ಹೋದಳು. ಆಸ್ಪತ್ರೆಯ ನಿರ್ದೇಶಕ ವಿಟ್‌ಕೂಂಬ್ ಕೈಯಲ್ಲಿ ಚಾಕು ಹಿಡಿದಿದ್ದ. ಕೇಕಿನ ಮೇಲೆ ಕೆನೆಯಲ್ಲಿ ಬರೆದ ಪಿಯಾನೊ. ಚಪ್ಪಾಳೆ ಅರ್ಧಕ್ಕೆ ನಿಂತಿತು. ವಾಸನೆ ಕೇಕನ್ನು ದಾಟಿ ಅತಿಥಿಗಳ ಮೂಗಿಗೆ ಬಡಿಯಿತು.

"ಯಾರೇ ನಿನಗ್ ಆಚೆ ಬರೋಕ್ ಹೇಳಿದ್ದು?" ಹ್ಯಾಲೊವೆಲ್ ಹಲ್ಲು ಕಡಿದಳು.

"ನಿಮ್ ಹಾಡೇ ಹೇಳ್ತು ಕಣಮ್ಮಾ." ಯೊಲೆಟ್ ತನ್ನ ಬದಿಯ ಶೀಟಿನ ಅಂಚನ್ನು ಮುಷ್ಟಿಯಲ್ಲಿ ಸುತ್ತಿಕೊಂಡು ನಿರ್ದೇಶಕನತ್ತ ತಿರುಗಿದಳು. "ಸಾಮಿ, ಆ ಕಡೆ ನೀವ್ ಹಿಡ್ಕಳಿ. ಎಳೀಬ್ಯಾಡಿ, ಎತ್ತಿ."

ವಿಟ್‌ಕೂಂಬ್ ಅರ್ಧ ಹೆಜ್ಜೆ ಹಿಂದೆ ಸರಿದ. ಕಾವಲಿನವರನ್ನು ಕರೆಯಿರೆಂದು ಯಾರೋ ಕೂಗಿದರು. ಚಾವಣಿಯ ಪಿಯಾನೊ ಮುಗಿಯಿತು. ಮಂಚದ ಆ ಬದಿಗೆ ಒಬ್ಬರೂ ಬರಲಿಲ್ಲ.

ಒರ್ಲಾಂಡೊ ಕೈ ಚಾಚಿ ನಿರ್ದೇಶಕನ ಕೋಟಿನ ತೋಳನ್ನು ಹಿಡಿದುಕೊಂಡ. ಚರ್ಮ ಹೊಲಿದು ಗಟ್ಟಿಯಾದ ಬೆರಳುಗಳು. ವಿಟ್‌ಕೂಂಬ್ ಜಗ್ಗಿದ, ಹೊಲಿಗೆ ಪಟಪಟನೆ ಬಿಚ್ಚಿತು, ಮುದುಕ ಮಾತ್ರ ಬಿಡಲಿಲ್ಲ.

"ಎತ್ತೋ ಬೋಳಿಮಗ್ನೆ," ಎಂದ. "ಒಂದ್ಸಲ ಎತ್ತಿ ನೋಡು, ನಾನ್ ಎಷ್ಟ್ ಭಾರ ಇವ್ನಿ ಅಂತ."